ಇಬಿ-5 ಹೂಡಿಕೆ ವೀಸಾ: ಪ್ರಾಜೆಕ್ಟ್ ಹುಡುಕುವ ಮೊದಲು ದುಡ್ಡಿನ ದಾರಿ ಬರೆದಿಡಿ

ದುಡ್ಡಿದ್ದರೆ ಅಮೆರಿಕದ ಗ್ರೀನ್ ಕಾರ್ಡ್ ಸಿಗುತ್ತದೆ ಅಂತ ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ದುಡ್ಡು ಬೇಕು, ನಿಜ. ಆದರೆ ಅದು ಎಲ್ಲಿಂದ ಬಂತು, ಯಾವ ಯಾವ ಖಾತೆ ದಾಟಿ ಬಂತು, ಈಗ ಯಾವ ಕೆಲಸಕ್ಕೆ ಹೋಗುತ್ತಿದೆ, ಅದರಿಂದ 10 ಜನರಿಗೆ ಉದ್ಯೋಗ ಹೇಗೆ ಸಿಗುತ್ತದೆ ಅನ್ನುವುದನ್ನೆಲ್ಲ, ನಿಮ್ಮ ಮುಖವನ್ನೇ ನೋಡದ ಒಬ್ಬ ಅಧಿಕಾರಿ ಬರೀ ಕಾಗದ ಓದಿ ನಂಬಬೇಕು. ಇಡೀ ಅರ್ಜಿ ನಿಂತಿರುವುದು ಇದರ ಮೇಲೆ. ಬಹಳ ಜನ ಮೊದಲು ಪ್ರಾಜೆಕ್ಟ್ ಹುಡುಕುತ್ತಾರೆ, ಆಮೇಲೆ ವಕೀಲರನ್ನು ನೋಡುತ್ತಾರೆ, ಕಾಗದಪತ್ರ ಕೊನೆಗೆ ಅಂತ ಬಿಡುತ್ತಾರೆ. ನಾನು ಹೇಳುವುದು ಅದರ ತಿರುಗಾಮುರುಗಾ.

ಒಂದು ಸಣ್ಣ ಹಿನ್ನೆಲೆ ಮಾತ್ರ. ಇಬಿ-5 ಅಂದರೆ ಹಣ ಹೂಡಿ 10 ಜನರಿಗೆ ಉದ್ಯೋಗ ಸೃಷ್ಟಿಸಿದವರಿಗೆ ಗ್ರೀನ್ ಕಾರ್ಡ್ ಕೊಡುವ ಯೋಜನೆ, ಅದು ಹುಟ್ಟಿದ್ದು 1990ರ ವಲಸೆ ಕಾನೂನಿನಲ್ಲಿ. ಈಗ ನಡೆಯುತ್ತಿರುವುದು 2022ರ ಮಾರ್ಚ್ 15ರಂದು ಸಹಿಯಾದ ಸುಧಾರಣಾ ಕಾನೂನಿನ ಪ್ರಕಾರ. ಹಾಗಾಗಿ 5 ಲಕ್ಷ ಡಾಲರ್ ಸಾಕು ಅನ್ನುವ ಹಳೆಯ ಲೇಖನ ಕೈಗೆ ಸಿಕ್ಕರೆ ಪಕ್ಕಕ್ಕಿಡಿ. ಈಗ ಕನಿಷ್ಠ ಹೂಡಿಕೆ 10,50,000 ಡಾಲರ್. ಪ್ರಾಜೆಕ್ಟ್ ಗ್ರಾಮೀಣ ಪ್ರದೇಶದಲ್ಲಿದ್ದರೆ, ನಿರುದ್ಯೋಗ ಜಾಸ್ತಿ ಇರುವ ಜಾಗದಲ್ಲಿದ್ದರೆ, ಅಥವಾ ಸರ್ಕಾರಿ ಮೂಲಸೌಕರ್ಯದ ಕೆಲಸವಾಗಿದ್ದರೆ 8,00,000 ಡಾಲರ್ ಸಾಕು. 2027ರ ಜನವರಿ 1ರಿಂದ ಈ ಮೊತ್ತಗಳು ಹಣದುಬ್ಬರಕ್ಕೆ ತಕ್ಕಂತೆ ಬದಲಾಗುತ್ತವೆ, ಆಮೇಲೆ 5 ವರ್ಷಕ್ಕೊಮ್ಮೆ.

ಹೆಜ್ಜೆ 1: ಈ ದಾರಿ ನಿಮಗೆ ಸರಿಹೊಂದುತ್ತದಾ ನೋಡಿ

ಹೂಡಿಕೆ ವೀಸಾ ಅಂದರೆ ಎಲ್ಲವೂ ಒಂದೇ ಅಲ್ಲ. ಇ-2 ಅನ್ನುವ ವೀಸಾ ಕಡಿಮೆ ಹಣದಲ್ಲಿ ಆಗುತ್ತದೆ, ಆದರೆ ಅದು ಗ್ರೀನ್ ಕಾರ್ಡ್ ಅಲ್ಲ, ಮತ್ತು ಅಮೆರಿಕದ ಜೊತೆ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ ಮಾತ್ರ. ಭಾರತ, ಚೀನಾ ಎರಡೂ ಆ ಪಟ್ಟಿಯಲ್ಲಿ ಇಲ್ಲ. ಗ್ರೆನಡಾದಂಥ ದೇಶದ ಪೌರತ್ವ ಕೊಂಡು ಇ-2 ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. 2022ರ ಕೊನೆಯಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಹಾಗೆ ಹೂಡಿಕೆಯಿಂದ ಪೌರತ್ವ ಪಡೆದವರು ಆ ದೇಶದಲ್ಲಿ 3 ವರ್ಷ ನೆಲೆಸಿರಬೇಕು. ಇನ್ನು 2025ರ ಸೆಪ್ಟೆಂಬರ್‌ನಲ್ಲಿ ಘೋಷಣೆಯಾದ ಗೋಲ್ಡ್ ಕಾರ್ಡ್ ಅನ್ನುವ ಅಮೆರಿಕದ ಯೋಜನೆಯಲ್ಲಿ ಕೊಡುವ 10 ಲಕ್ಷ ಡಾಲರ್ ಸರ್ಕಾರಕ್ಕೆ ಕೊಡುವ ಕೊಡುಗೆ, ಹೂಡಿಕೆ ಅಲ್ಲ, ವಾಪಸ್ ಬರುವ ಮಾತೇ ಇಲ್ಲ. ಬೇರೆ ದೇಶಗಳ ಕಡೆ ನೋಡುವವರೂ ಹುಷಾರಾಗಿರಿ. ಬ್ರಿಟನ್ ತನ್ನ ಹೂಡಿಕೆದಾರರ ವೀಸಾವನ್ನು 2022ರ ಫೆಬ್ರವರಿಯಲ್ಲಿ ನಿಲ್ಲಿಸಿತು, ಐರ್ಲೆಂಡ್ 2023ರಲ್ಲಿ, ಸ್ಪೇನ್ 2025ರ ಏಪ್ರಿಲ್‌ನಲ್ಲಿ. ಇಂಥ ಯೋಜನೆಗಳು ರಾತ್ರೋರಾತ್ರಿ ಮುಚ್ಚಿಹೋಗುತ್ತವೆ.

ಇಬಿ-5ರಲ್ಲೂ ಕಾಯುವ ಸಾಲು ಇದೆ. ವರ್ಷಕ್ಕೆ ಸುಮಾರು 10,000 ವೀಸಾ, ಅದರಲ್ಲಿ ಹೂಡಿಕೆದಾರರ ಹೆಂಡತಿ ಅಥವಾ ಗಂಡ, ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಹುಟ್ಟಿದ ದೇಶ ನೋಡುತ್ತಾರೆ. ಇದಕ್ಕೆ ಪರಿಹಾರ ಅಂತ 2022ರ ಕಾನೂನು ಮೀಸಲು ತಂದಿತು: ಗ್ರಾಮೀಣ ಪ್ರಾಜೆಕ್ಟ್‌ಗಳಿಗೆ ಶೇ 20, ನಿರುದ್ಯೋಗ ಜಾಸ್ತಿ ಇರುವ ಕಡೆಗೆ ಶೇ 10, ಮೂಲಸೌಕರ್ಯಕ್ಕೆ ಶೇ 2. ಗ್ರಾಮೀಣ ಅರ್ಜಿಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕು ಅಂತಲೂ ಕಾನೂನಿನಲ್ಲಿದೆ. ಅಮೆರಿಕದ ವಿದೇಶಾಂಗ ಇಲಾಖೆ ಯಾವ ದೇಶದವರ ಸರದಿ ಎಲ್ಲಿಗೆ ಬಂದಿದೆ ಅಂತ ತಿಳಿಸುವ ವೀಸಾ ಬುಲೆಟಿನ್ ಅನ್ನು ಪ್ರತಿ ತಿಂಗಳು ಹೊರಡಿಸುತ್ತದೆ. ಬೇರೆಯವರ ಮಾತು ಕೇಳುವ ಮೊದಲು ಅದನ್ನು ನೀವೇ ತೆರೆದು, ನಿಮ್ಮ ದೇಶದ ಕಾಲಂ ನೋಡಿ.

ಮಕ್ಕಳ ವಯಸ್ಸು ಈಗಲೇ ಲೆಕ್ಕ ಹಾಕಿ. 21 ತುಂಬದ, ಮದುವೆಯಾಗದ ಮಕ್ಕಳು ಮಾತ್ರ ನಿಮ್ಮ ಜೊತೆ ಬರುತ್ತಾರೆ. ಅರ್ಜಿ ಬಾಕಿ ಇದ್ದ ದಿನಗಳನ್ನು ವಯಸ್ಸಿನಿಂದ ಕಳೆಯುವ ಅವಕಾಶ ಇದೆ, ಆದರೆ ವೀಸಾ ಸಿಗದೆ ಸಾಲಿನಲ್ಲಿ ಕಾದ ದಿನಗಳಿಗೆ ಅದು ಅನ್ವಯಿಸುವುದಿಲ್ಲ. ಮಗಳಿಗೆ 19 ಆಗಿದ್ದರೆ ಈ ಒಂದು ಲೆಕ್ಕವೇ ನಿಮ್ಮ ಇಡೀ ಯೋಜನೆಯನ್ನು ನಿರ್ಧರಿಸಬಹುದು.

ಹೆಜ್ಜೆ 2: ದುಡ್ಡಿನ ದಾರಿ

ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿಗೆ. ಹಣ ಕಾನೂನುಬದ್ಧವಾಗಿ ಸಂಪಾದಿಸಿದ್ದು ಅಂತ ತೋರಿಸಬೇಕು, ಮತ್ತು ಸಂಪಾದಿಸಿದ ಜಾಗದಿಂದ ಹೂಡಿಕೆಯ ಖಾತೆವರೆಗೆ ಅದು ನಡೆದು ಬಂದ ದಾರಿಯನ್ನೂ ತೋರಿಸಬೇಕು. ಇವು ಎರಡು ಬೇರೆ ಬೇರೆ ಕೆಲಸ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದರಲ್ಲಿ ಒಂದು ಕೊಂಡಿ ಬಿಟ್ಟುಹೋಗಿರುತ್ತದೆ, ಅಲ್ಲಿಗೇ ಹೆಚ್ಚಿನ ದಾಖಲೆ ಕೇಳುವ ನೋಟಿಸು ಬರುತ್ತದೆ.

ಒಂದು ಉದಾಹರಣೆ ತಗೊಳ್ಳಿ. ಒಬ್ಬರು 2019ರಲ್ಲಿ ನಿವೇಶನ ಮಾರಿದರು. ಹಣ ಉಳಿತಾಯ ಖಾತೆಗೆ ಬಂತು. ಅಲ್ಲಿಂದ ಒಂದು ಭಾಗ ಠೇವಣಿಗೆ ಹೋಯಿತು, ಒಂದು ಭಾಗ ಅಣ್ಣನ ವ್ಯಾಪಾರಕ್ಕೆ ಕೈಸಾಲ ಹೋಗಿ ಎರಡು ವರ್ಷದ ಮೇಲೆ ಮೂರು ಕಂತಿನಲ್ಲಿ ವಾಪಸ್ ಬಂತು. ಠೇವಣಿ ಮುಗಿದಾಗ ಬೇರೆ ಬ್ಯಾಂಕಿಗೆ ಬದಲಾಯಿತು. ಮನೆಯವರಿಗೆ ಇದೆಲ್ಲ ಗೊತ್ತಿರುವ ಸಂಗತಿ, ಯಾರೂ ಬರೆದಿಟ್ಟಿಲ್ಲ. ಅಧಿಕಾರಿಗೆ ಮಾತ್ರ ಪ್ರತಿಯೊಂದಕ್ಕೂ ಕಾಗದ ಬೇಕು: ನಿವೇಶನ ಕೊಂಡ ಪತ್ರ, ಕೊಂಡಾಗ ಕೊಟ್ಟ ಹಣ ಎಲ್ಲಿಂದ ಬಂದಿತ್ತು ಅನ್ನುವುದು, ಮಾರಿದ ಕ್ರಯಪತ್ರ, ಮಾರಾಟದ ತೆರಿಗೆ ಕಟ್ಟಿದ ರಸೀದಿ, ಹಣ ಜಮೆಯಾದ ದಿನದ ಸ್ಟೇಟ್‌ಮೆಂಟ್, ಠೇವಣಿ ಪತ್ರ, ಅಣ್ಣನ ಖಾತೆಗೆ ಹೋದ ಸಾಲು, ಮೂರು ಕಂತಾಗಿ ಬಂದ ಮೂರು ಸಾಲು, ಅಣ್ಣನಿಂದ ಒಂದು ಹೇಳಿಕೆ. ಕ್ರಯಪತ್ರದಲ್ಲಿ ಒಂದು ಮೊತ್ತ ಇದ್ದು ಖಾತೆಗೆ ಅದಕ್ಕಿಂತ ಜಾಸ್ತಿ ಬಂದಿದ್ದರೆ ಆ ವ್ಯತ್ಯಾಸಕ್ಕೂ ವಿವರಣೆ ಬೇಕು. ವಿವರಣೆ ಕೊಡಲು ಆಗದ ಹಣ ಇದ್ದರೆ ಅದನ್ನು ಈ ಹೂಡಿಕೆಗೆ ತರಲೇಬೇಡಿ.

ಹೀಗೆ ಮಾಡಿ. ಒಂದು ಎಕ್ಸೆಲ್ ಹಾಳೆ ತೆರೆಯಿರಿ. ದಿನಾಂಕ, ಮೊತ್ತ, ಯಾವ ಖಾತೆಯಿಂದ, ಯಾವ ಖಾತೆಗೆ, ಯಾಕೆ, ಯಾವ ದಾಖಲೆ ಇದೆ ಅಂತ ಆರು ಕಾಲಂ. ಹೂಡಿಕೆಯ ದಿನದಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಪ್ರತಿ ಸಾಲಿನ ಕೊನೆಯ ಕಾಲಂ ತುಂಬಬೇಕು. ಖಾಲಿ ಉಳಿದ ಜಾಗಗಳೇ ನಿಮ್ಮ ಮುಂದಿನ ಕೆಲಸದ ಪಟ್ಟಿ. ಹಳೆಯ ಸ್ಟೇಟ್‌ಮೆಂಟ್‌ಗಾಗಿ ಬ್ಯಾಂಕಿಗೆ ಈಗಲೇ ಬರೆದು ಕೊಡಿ, ಏಕೆಂದರೆ ಮುಚ್ಚಿದ ಖಾತೆಯ ದಾಖಲೆ, ವಿಲೀನವಾದ ಬ್ಯಾಂಕಿನ ದಾಖಲೆ ಕೇಳಿದ ತಕ್ಷಣ ಸಿಗುವುದಿಲ್ಲ.

ತೆರಿಗೆ ವಿವರಗಳನ್ನು ಹಿಂದಿನ 7 ವರ್ಷಗಳದ್ದು ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಉಡುಗೊರೆಯಾಗಿ ಬಂದ ಹಣ ನಡೆಯುತ್ತದೆ, ಸಾಲ ತಂದ ಹಣವೂ ನಡೆಯುತ್ತದೆ. ಆದರೆ ಅಪ್ಪ ಕೊಟ್ಟ ಉಡುಗೊರೆ ಅಂದರೆ ಅಪ್ಪನ ತೆರಿಗೆ, ಅಪ್ಪನ ಖಾತೆ, ಅಪ್ಪನ ಆಸ್ತಿಯ ಕಾಗದ ಎಲ್ಲ ಬರಬೇಕು. ಬ್ಯಾಂಕ್ ಅಲ್ಲದೆ ಬೇರೆಯವರಿಂದ ಸಾಲ ತಂದರೆ ಅವರ ಹಣದ ಮೂಲವನ್ನೂ ಕೇಳುತ್ತಾರೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ: 8 ಲಕ್ಷದ ಮೇಲೆ ಪ್ರಾಜೆಕ್ಟ್‌ನವರಿಗೆ ಕಟ್ಟುವ ಆಡಳಿತ ಶುಲ್ಕಕ್ಕೂ ಇದೇ ನಿಯಮ. ಅದು ಹತ್ತಾರು ಸಾವಿರ ಡಾಲರ್ ಇರುತ್ತದೆ, ಅದರ ಮೂಲವನ್ನೂ ತೋರಿಸಬೇಕು.

ಹಣವನ್ನು ದೇಶದಿಂದ ಹೊರಗೆ ಕಳಿಸುವ ಮಿತಿಯನ್ನೂ ಮೊದಲೇ ನೋಡಿಕೊಳ್ಳಿ. ಭಾರತದಲ್ಲಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು, ಚೀನಾದಲ್ಲಿ ಒಬ್ಬರ ವಾರ್ಷಿಕ ವಿದೇಶಿ ವಿನಿಮಯದ ಮಿತಿ 50,000 ಡಾಲರ್. ಹಾಗಾಗಿ 8 ಲಕ್ಷ ಒಂದೇ ಸಲ ಹೋಗುವುದಿಲ್ಲ. ಮನೆಮಂದಿ ಹಂಚಿಕೊಂಡು ಕಳಿಸಬೇಕೋ, ಎರಡು ಹಣಕಾಸು ವರ್ಷ ಸೇರಿಸಬೇಕೋ ಅಂತ ಚಾರ್ಟರ್ಡ್ ಅಕೌಂಟೆಂಟ್ ಜೊತೆ ಕೂತು ತಾರೀಕು ಹಾಕಿಕೊಳ್ಳಿ. ಹವಾಲಾ ಥರದ ಅಡ್ಡದಾರಿ ಹಿಡಿದರೆ ಅಲ್ಲಿಗೆ ಅರ್ಜಿಯೂ ಮುಗಿಯಿತು, ಊರಲ್ಲಿ ಕೇಸೂ ಶುರುವಾಯಿತು.

ಹೆಜ್ಜೆ 3: ಸ್ವಂತ ವ್ಯಾಪಾರವೋ, ರೀಜನಲ್ ಸೆಂಟರೋ

ಸ್ವಂತ ವ್ಯಾಪಾರ ಅಂದರೆ ನೀವೇ ಅಮೆರಿಕದಲ್ಲಿ ಉದ್ಯಮ ಕಟ್ಟುತ್ತೀರಿ, ಐ-526 ಅನ್ನುವ ಹೂಡಿಕೆದಾರರ ಅರ್ಜಿ ಹಾಕುತ್ತೀರಿ, ವಾರಕ್ಕೆ ಕನಿಷ್ಠ 35 ಗಂಟೆ ದುಡಿಯುವ 10 ನೇರ ಕೆಲಸಗಾರರನ್ನು ಸಂಬಳಪಟ್ಟಿಯಲ್ಲಿ ತೋರಿಸುತ್ತೀರಿ. ನೀವು, ನಿಮ್ಮ ಹೆಂಡತಿ ಅಥವಾ ಗಂಡ, ಮಕ್ಕಳು ಈ 10ರಲ್ಲಿ ಸೇರುವುದಿಲ್ಲ. ಎಚ್-1ಬಿ ಥರದ ತಾತ್ಕಾಲಿಕ ವೀಸಾದವರೂ ಸೇರುವುದಿಲ್ಲ. ಇಬ್ಬರು ಮೂವರು ಇಬಿ-5 ಹೂಡಿಕೆದಾರರು ಸೇರಿ ಒಂದೇ ಉದ್ಯಮಕ್ಕೆ ಹಣ ಹಾಕುವುದಾದರೆ ಈಗ ರೀಜನಲ್ ಸೆಂಟರ್, ಅಂದರೆ ಇಬಿ-5 ಹಣ ಒಟ್ಟುಗೂಡಿಸಲು ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು.

ರೀಜನಲ್ ಸೆಂಟರ್ ದಾರಿಯಲ್ಲಿ ಹಲವರ ಹಣ ಒಂದು ದೊಡ್ಡ ಪ್ರಾಜೆಕ್ಟ್‌ಗೆ ಹೋಗುತ್ತದೆ, ಹೋಟೆಲ್, ಅಪಾರ್ಟ್‌ಮೆಂಟ್, ಕಾರ್ಖಾನೆ ಹೀಗೆ. ಅರ್ಜಿಯ ಹೆಸರು ಐ-526ಇ. ಇಲ್ಲಿ ಪರೋಕ್ಷ ಉದ್ಯೋಗಗಳೂ ಲೆಕ್ಕಕ್ಕೆ ಬರುತ್ತವೆ, ಅರ್ಥಶಾಸ್ತ್ರಜ್ಞರು ಖರ್ಚಿನ ಆಧಾರದಲ್ಲಿ ಲೆಕ್ಕ ಹಾಕಿ ವರದಿ ಕೊಡುತ್ತಾರೆ. ದಿನನಿತ್ಯ ಉದ್ಯಮ ನಡೆಸುವ ಮನಸ್ಸು, ಅನುಭವ ಎರಡೂ ಇಲ್ಲದವರು ಸುಮ್ನೆ ಸ್ವಂತ ವ್ಯಾಪಾರಕ್ಕೆ ಕೈಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹೊಸ ದೇಶದಲ್ಲಿ 10 ಜನರಿಗೆ ಪ್ರತಿ ತಿಂಗಳು ಸಂಬಳ ಕೊಡುವುದು ಹುಡುಗಾಟವಲ್ಲ.

ಹೆಜ್ಜೆ 4: ಸ್ವಂತ ವ್ಯಾಪಾರವಾದರೆ, ಬಿಸಿನೆಸ್ ಪ್ಲಾನ್

1998ರಲ್ಲಿ ಹೋ ಎಂಬ ಇಬಿ-5 ಅರ್ಜಿದಾರರ ಪ್ರಕರಣದಲ್ಲಿ ಬಂದ ತೀರ್ಮಾನ ಇವತ್ತಿಗೂ ಅಳತೆಗೋಲು. ಯೋಜನೆ ಸಮಗ್ರವಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಂಬುವಂತಿರಬೇಕು ಅಂತ ಅದು ಹೇಳಿತು. ಮಾರುಕಟ್ಟೆ ಹೇಗಿದೆ, ಪೈಪೋಟಿಗೆ ಯಾರಿದ್ದಾರೆ, ಅವರಿಗಿಂತ ನಿಮ್ಮದು ಹೇಗೆ ಬೇರೆ, ಯಾವ ಪರವಾನಗಿ ಬೇಕು, ಸರಕು ಯಾರು ಪೂರೈಸುತ್ತಾರೆ, ಯಾರನ್ನು ಯಾವಾಗ ಕೆಲಸಕ್ಕೆ ತಗೊಳ್ಳುತ್ತೀರಿ, ಅವರ ಕೆಲಸ ಏನು, ಖರ್ಚು ವರಮಾನದ ಅಂದಾಜು ಯಾವ ಆಧಾರದ ಮೇಲೆ ಅನ್ನುವುದೆಲ್ಲ ಅದರಲ್ಲಿ ಇರಬೇಕು.

"ಎರಡು ವರ್ಷದಲ್ಲಿ 10 ಉದ್ಯೋಗ ಸೃಷ್ಟಿಸುತ್ತೇವೆ" ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಅದೇ ಜಾಗದಲ್ಲಿ, ಮಳಿಗೆ ತೆರೆಯುವ ತಿಂಗಳಲ್ಲಿ ಒಬ್ಬ ಮ್ಯಾನೇಜರ್ ಮತ್ತು ಮೂವರು ಅಡುಗೆಯವರು, 4ನೇ ತಿಂಗಳಲ್ಲಿ ಇಬ್ಬರು ಬಡಿಸುವವರು, ಎರಡನೇ ಪಾಳಿ ಶುರುವಾಗುವ 9ನೇ ತಿಂಗಳಲ್ಲಿ ಇನ್ನೂ ಐವರು, ಇಂಥವರಿಗೆ ಗಂಟೆಗೆ ಇಷ್ಟು ಕೂಲಿ, ಆ ತಿಂಗಳ ಮಾರಾಟದ ಅಂದಾಜು ಇಷ್ಟು, ಅದರಲ್ಲಿ ಸಂಬಳದ ಪಾಲು ಇಷ್ಟು ಅಂತ ಬರೆಯಿರಿ. ಆಗ ಓದುವವರಿಗೆ ಇವರು ನಿಜವಾಗಿ ಅಂಗಡಿ ತೆರೆಯುತ್ತಾರೆ ಅನ್ನಿಸುತ್ತದೆ. ಲೆಕ್ಕ ಕೂಡಿ ನೋಡಿ, 11 ಜನ. ಒಬ್ಬರು ಬಿಟ್ಟುಹೋದರೂ 10 ಉಳಿಯಬೇಕು, ಅದಕ್ಕೆ. ಜೊತೆಗೆ ಬಾಡಿಗೆ ಕರಾರು, ಯಂತ್ರ ಕೊಂಡ ಬಿಲ್ಲು, ಕಂಪನಿ ನೋಂದಣಿ ಇವನ್ನು ಲಗತ್ತಿಸಿ. ಹಣ ಕಂಪನಿಯ ಖಾತೆಯಲ್ಲಿ ಸುಮ್ಮನೆ ಕೂತಿದ್ದರೆ ಅದನ್ನು ಹೂಡಿಕೆ ಅಂತ ಒಪ್ಪುವುದಿಲ್ಲ. ವ್ಯಾಪಾರ ನಿಜವಾಗಿ ಶುರುವಾಗಿದೆ ಅಂತ ಕಾಣಬೇಕು.

ಎಲ್ಲರಿಗೂ ಒಂದೇ ಪ್ಲಾನ್ ಅಚ್ಚು ಹಾಕಿ, ಊರಿನ ಹೆಸರು ಮಾತ್ರ ಬದಲಾಯಿಸಿ ಕೊಡುವ ಏಜೆಂಟರಿಂದ ದೂರ ಇರಿ.

ಹೆಜ್ಜೆ 5: ಬೇರೆಯವರ ಪ್ರಾಜೆಕ್ಟ್ ಆದರೆ, ತನಿಖೆ ನಿಮ್ಮದೇ

ಎರಡು ಹಳೆಯ ಪ್ರಕರಣ ತಿಳಿದಿರಲಿ. ವರ್ಮಾಂಟ್ ರಾಜ್ಯದ ಜೇ ಪೀಕ್ ಎಂಬ ಸ್ಕೀ ರೆಸಾರ್ಟ್ ಹೆಸರಿನಲ್ಲಿ ನೂರಾರು ವಿದೇಶಿ ಹೂಡಿಕೆದಾರರಿಂದ 35 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹವಾಗಿತ್ತು. 2016ರ ಏಪ್ರಿಲ್‌ನಲ್ಲಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ವಂಚನೆಯ ಮೊಕದ್ದಮೆ ಹೂಡಿತು. ಆಮೇಲೆ ನಡೆಸುತ್ತಿದ್ದವರು ಜೈಲಿಗೆ ಹೋದರು. ನ್ಯೂಪೋರ್ಟ್‌ನಲ್ಲಿ ಬರಬೇಕಿದ್ದ ಜೈವಿಕ ತಂತ್ರಜ್ಞಾನ ಘಟಕ ಕಟ್ಟಲೇ ಇಲ್ಲ. ಯೋಚಿಸಬೇಕಾದ ಮಾತೆಂದರೆ, ಅಲ್ಲಿನ ರೀಜನಲ್ ಸೆಂಟರ್ ನಡೆಸುತ್ತಿದ್ದದ್ದು ರಾಜ್ಯ ಸರ್ಕಾರವೇ. ಸರ್ಕಾರದ ಮೊಹರು ಇದೆ ಅನ್ನುವುದು ಭದ್ರತೆ ಅಲ್ಲ.

ಇನ್ನೊಂದು ಶಿಕಾಗೊದ್ದು. ವಿಮಾನ ನಿಲ್ದಾಣದ ಹತ್ತಿರ ಹೋಟೆಲ್, ಸಮಾವೇಶ ಕೇಂದ್ರ ಕಟ್ಟುತ್ತೇವೆ ಅಂತ 14.5 ಕೋಟಿ ಡಾಲರ್ ಸಂಗ್ರಹಿಸಿದ್ದನ್ನು 2013ರ ಫೆಬ್ರವರಿಯಲ್ಲಿ ಎಸ್‌ಇಸಿ ತಡೆಯಿತು. ಆ ಮುಖ್ಯ ಹಣ ಎಸ್ಕ್ರೊ ಖಾತೆಯಲ್ಲೇ, ಅಂದರೆ ಷರತ್ತು ಪೂರೈಸುವವರೆಗೆ ಮೂರನೆಯವರು ಹಣ ಹಿಡಿದಿಡುವ ಖಾತೆಯಲ್ಲೇ ಇತ್ತು, ಹಾಗಾಗಿ ವಾಪಸ್ ಬಂತು. ಆಡಳಿತ ಶುಲ್ಕ ಅಂತ ಬೇರೆಯಾಗಿ ಕೊಟ್ಟಿದ್ದ 1.1 ಕೋಟಿ ಡಾಲರ್‌ನಲ್ಲಿ ಹೆಚ್ಚಿನದು ಆಗಲೇ ಖರ್ಚಾಗಿಹೋಗಿತ್ತು. ಎಸ್ಕ್ರೊ ಇದೆಯಾ, ಯಾವ ಷರತ್ತು ಪೂರೈಸಿದ ಮೇಲೆ ಹಣ ಹೊರಗೆ ಹೋಗುತ್ತದೆ, ಆಡಳಿತ ಶುಲ್ಕ ಯಾವಾಗ ವಾಪಸ್ ಕೊಡುತ್ತಾರೆ ಅಂತ ಮೊದಲು ಕೇಳಬೇಕಾದದ್ದು ಇದಕ್ಕೇ.

ಹೂಡಿಕೆಯ ವಿವರಪುಸ್ತಿಕೆ ನೂರಾರು ಪುಟ ಇರುತ್ತದೆ. ಎಲ್ಲ ಓದಲು ಆಗದಿದ್ದರೆ ಇಷ್ಟಾದರೂ ಓದಿ. ಪ್ರಾಜೆಕ್ಟ್‌ನ ಒಟ್ಟು ವೆಚ್ಚದಲ್ಲಿ ಬ್ಯಾಂಕಿನ ಸಾಲ ಎಷ್ಟು, ಕಟ್ಟುವವರ ಸ್ವಂತ ಹಣ ಎಷ್ಟು, ಇಬಿ-5 ಹಣ ಎಷ್ಟು. ಮುಳುಗಿದರೆ ಮೊದಲು ಬ್ಯಾಂಕಿಗೆ ಹಣ ಹೋಗುತ್ತದೆ, ಆಮೇಲೆ ನಿಮ್ಮ ಸರದಿ. ಕಟ್ಟುವವರ ಸ್ವಂತ ಹಣ ತೀರಾ ಕಡಿಮೆ ಇದ್ದರೆ ಅವರು ಕಳೆದುಕೊಳ್ಳುವುದೂ ಕಡಿಮೆ, ಅಲ್ವಾ? ನಂತರ ಉದ್ಯೋಗದ ಲೆಕ್ಕ. 50 ಹೂಡಿಕೆದಾರರಿಗೆ 500 ಉದ್ಯೋಗ ಬೇಕು. ವರದಿಯಲ್ಲಿ 520 ಅಂತ ಇದ್ದರೆ ಸ್ವಲ್ಪ ಕೆಲಸ ನಿಂತರೂ ಕೊನೆಯ ಕೆಲವು ಹೂಡಿಕೆದಾರರ ಪಾಲಿಗೆ ಬೇಕಾದ 10 ಉದ್ಯೋಗದ ಲೆಕ್ಕ ಸಿಗದೆ ಹೋಗಬಹುದು. 700 ಅಂತ ಇದ್ದರೆ ಉಸಿರಾಡಲು ಜಾಗ ಇದೆ. ಈಗಾಗಲೇ ಕಟ್ಟಡ ಏಳುತ್ತಿದೆಯಾ ಅಂತಲೂ ನೋಡಿ, ನಿರ್ಮಾಣದ ಖರ್ಚು ಆದಂತೆಲ್ಲ ಉದ್ಯೋಗ ಲೆಕ್ಕಕ್ಕೆ ಬರುತ್ತದೆ.

ಹಣ ಎಷ್ಟು ದಿನ ಸಿಕ್ಕಿಕೊಂಡಿರುತ್ತದೆ ಅನ್ನುವುದನ್ನು ಕರಾರಿನಲ್ಲೇ ನೋಡಿ. ಕಾನೂನು ಹೇಳುವುದು ಕನಿಷ್ಠ 2 ವರ್ಷ. ನಿಮ್ಮ ಹಣ ಪ್ರಾಜೆಕ್ಟ್‌ಗೆ ಸಾಲವಾಗಿ ಹೋಗಿ, ಆ ಸಾಲದ ಅವಧಿ 5 ವರ್ಷ ಇದ್ದು, ಮೇಲೆ ಎರಡು ಸಲ ವಿಸ್ತರಿಸುವ ಹಕ್ಕನ್ನೂ ಇಟ್ಟುಕೊಂಡಿದ್ದರೆ ನಿಮಗೆ ಲಾಗೂ ಆಗುವುದು ಆ ಕರಾರು. ಅರ್ಜಿ ತಿರಸ್ಕಾರವಾದರೆ ಹಣ ಯಾರು, ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವ ವಾಕ್ಯ ಹುಡುಕಿ. ಮತ್ತೆ ಯಾರಾದರೂ "ಹಣ ವಾಪಸ್ ಬರುವುದು ಗ್ಯಾರಂಟಿ" ಅಂದರೆ ಎದ್ದು ಬನ್ನಿ. ಹಣಕ್ಕೆ ನಷ್ಟದ ಅಪಾಯ ಇರಲೇಬೇಕು ಅನ್ನುವುದು ನಿಯಮ. ಗ್ಯಾರಂಟಿ ಬರೆದುಕೊಟ್ಟ ಹೂಡಿಕೆ ಇಬಿ-5ಕ್ಕೆ ಅರ್ಹವೇ ಅಲ್ಲ.

ರೀಜನಲ್ ಸೆಂಟರ್ ಆ ಪ್ರಾಜೆಕ್ಟ್‌ಗೆ ಒಪ್ಪಿಗೆ ಕೇಳುವ ಐ-956ಎಫ್ ಅರ್ಜಿ ಹಾಕಿದೆಯಾ, ಅದರ ರಸೀದಿ ಕೊಡಿ ಅಂತ ಕೇಳಿ. ಅದಿಲ್ಲದೆ ನಿಮ್ಮ ಐ-526ಇ ಹಾಕಲು ಆಗುವುದಿಲ್ಲ. ನಿಮಗೆ ಪ್ರಾಜೆಕ್ಟ್ ಮಾರುವ ಏಜೆಂಟರೂ ಐ-956ಕೆ ಮೂಲಕ ನೋಂದಾಯಿಸಿರಬೇಕು, ಅವರಿಗೆ ಸಿಗುವ ಕಮಿಷನ್ ಎಷ್ಟು ಅಂತ ನಿಮಗೆ ಲಿಖಿತವಾಗಿ ತಿಳಿಸಬೇಕು. ವಕೀಲರು ನಿಮ್ಮವರೇ ಆಗಿರಲಿ, ಪ್ರಾಜೆಕ್ಟ್‌ನವರು ತೋರಿಸಿದವರು ಬೇಡ. ಇದಕ್ಕೆ ಕೊಡುವ ಫೀಸಿನಲ್ಲಿ ಉಳಿಸಲು ಹೋಗಬೇಡಿ.

ಹೆಜ್ಜೆ 6: ಅರ್ಜಿ ಕಟ್ಟುವುದು

ಇಲ್ಲಿ ಅಚ್ಚುಕಟ್ಟುತನ ಮುಖ್ಯ. ಮುಂದೆ ವಕೀಲರ ಪತ್ರ, ಅದರಲ್ಲಿ ನಿಮ್ಮ ಹಣದ ಕಥೆ ಸರಳವಾಗಿ, ಪ್ರತಿ ವಾಕ್ಯಕ್ಕೂ ಎದುರಿಗೆ ಲಗತ್ತಿನ ಸಂಖ್ಯೆ. ಇಂಗ್ಲಿಷ್ ಅಲ್ಲದ ಪ್ರತಿ ದಾಖಲೆಗೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಜೊತೆಗೆ ಅನುವಾದ ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರ ಸಹಿ. ಮೊಹರಿನಲ್ಲಿರುವ ಅಕ್ಷರಗಳನ್ನೂ ಬಿಡಬೇಡಿ. ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಈಗಲೇ ಅಫಿಡವಿಟ್ ಮಾಡಿಸಿ. ಕ್ರಯಪತ್ರದಲ್ಲಿ ತಂದೆಯ ಹೆಸರು ಸೇರಿಸಿ ಬರೆದು, ಪಾಸ್‌ಪೋರ್ಟ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಓದುವವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರ ಹಾಗೆ ಕಾಣುತ್ತದೆ.

ಅರ್ಜಿ ಶುಲ್ಕ ಬದಲಾಗುತ್ತಲೇ ಇರುತ್ತದೆ. ಹಾಕುವ ದಿನ ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್ ತಾಣದಲ್ಲಿ ನೋಡಿಯೇ ಕಟ್ಟಿ. ಐ-526ಇ ಜೊತೆ 1,000 ಡಾಲರ್ ಇಂಟೆಗ್ರಿಟಿ ಫಂಡ್ ಶುಲ್ಕ ಬೇರೆ. ನೀವು ಆಗಲೇ ಅಮೆರಿಕದಲ್ಲಿ ಕಾನೂನುಬದ್ಧ ವೀಸಾದಲ್ಲಿದ್ದು, ನಿಮ್ಮ ವರ್ಗದಲ್ಲಿ ವೀಸಾ ಲಭ್ಯವಿದ್ದರೆ ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಐ-485 ಅರ್ಜಿಯನ್ನೂ ಜೊತೆಗೇ ಹಾಕಬಹುದು. ಎಚ್-1ಬಿಯಲ್ಲಿ ಕೆಲಸ ಹೋಗುವ ಭಯದಲ್ಲಿರುವವರಿಗೆ ಇದು ದೊಡ್ಡ ಅನುಕೂಲ. ಹೊರಗಿರುವವರು ಐ-526ಇ ಒಪ್ಪಿಗೆಯಾದ ಮೇಲೆ ಡಿಎಸ್-260 ಅನ್ನುವ ವಲಸೆ ವೀಸಾ ಅರ್ಜಿ ತುಂಬಿ, ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಮುಗಿಸಿ, ಕಾನ್ಸುಲೇಟ್‌ನಲ್ಲಿ ಸಂದರ್ಶನಕ್ಕೆ ಹೋಗುತ್ತಾರೆ.

ತಾರೀಕಿನ ವಿಷಯ. 2021ರ ಜೂನ್ 30ರಂದು ರೀಜನಲ್ ಸೆಂಟರ್ ಕಾರ್ಯಕ್ರಮದ ಅವಧಿ ಮುಗಿದು, ಅರ್ಜಿ ಹಾಕಿದ್ದ ಸಾವಿರಾರು ಜನ ಹೊಸ ಕಾನೂನು ಬರುವವರೆಗೆ ನಡುದಾರಿಯಲ್ಲಿ ನಿಂತಿದ್ದರು. ಈಗಿನ ಅವಧಿ 2027ರ ಸೆಪ್ಟೆಂಬರ್ 30ರವರೆಗೆ. ಆದರೆ ಕಾರ್ಯಕ್ರಮ ನಿಂತರೂ ಅರ್ಜಿ ಮುಂದುವರಿಯುತ್ತದೆ ಅನ್ನುವ ರಕ್ಷಣೆ 2026ರ ಸೆಪ್ಟೆಂಬರ್ 30ರ ಒಳಗೆ ಹಾಕಿದವರಿಗೆ ಅಂತ 2022ರ ಕಾನೂನಿನಲ್ಲಿದೆ. ಈ ತಾರೀಕು ತೋರಿಸಿ ಅವಸರ ಮಾಡಿಸುವವರು ಇರುತ್ತಾರೆ. ದುಡ್ಡಿನ ದಾರಿಯ ಹಾಳೆ ತುಂಬದೆ ಅವಸರದಲ್ಲಿ ಹಾಕಿದ ಅರ್ಜಿ ತಿರಸ್ಕಾರವಾದರೆ ಆ ರಕ್ಷಣೆ ಇದ್ದೂ ಉಪಯೋಗವಿಲ್ಲ.

ಹೆಜ್ಜೆ 7: ಗ್ರೀನ್ ಕಾರ್ಡ್ ಬಂದ ಮೇಲೆ

ಮೊದಲು ಬರುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಎರಡನೇ ವಾರ್ಷಿಕೋತ್ಸವಕ್ಕೆ ಮುಂಚಿನ 90 ದಿನಗಳ ಒಳಗೆ ಐ-829 ಹಾಕಿ ಷರತ್ತು ತೆಗೆಸಬೇಕು. ಈ ಕಿಟಕಿ ತಪ್ಪಿದರೆ ದೊಡ್ಡ ತೊಂದರೆ. ಕಾರ್ಡ್ ಕೈಗೆ ಬಂದ ದಿನವೇ ಫೋನಿನಲ್ಲಿ ಅಲಾರಂ ಇಡಿ. ಸ್ವಂತ ವ್ಯಾಪಾರದವರು ಮೊದಲ ನೌಕರ ಸೇರಿದ ದಿನದಿಂದಲೇ ಕೆಲಸದ ಅರ್ಹತೆ ತೋರಿಸುವ ಐ-9, ವರ್ಷದ ಸಂಬಳದ ವಿವರ ಡಬ್ಲ್ಯು-2, ಸಂಬಳದ ತೆರಿಗೆಗೆ ಮೂರು ತಿಂಗಳಿಗೊಮ್ಮೆ ಸಲ್ಲಿಸುವ 941 ಫಾರಂ ಇವನ್ನು ಒಂದು ಫೈಲಿನಲ್ಲಿ ಕೂಡಿಹಾಕುತ್ತ ಬನ್ನಿ. 10 ಉದ್ಯೋಗ ಸಾಬೀತಾಗುವುದು ಇದೇ ಕಾಗದಗಳಿಂದ. ರೀಜನಲ್ ಸೆಂಟರ್‌ನವರಾದರೆ ಪ್ರತಿ ವರ್ಷ ಪ್ರಾಜೆಕ್ಟ್‌ನ ಖರ್ಚಿನ ಲೆಕ್ಕ, ಕಾಮಗಾರಿ ಎಲ್ಲಿಗೆ ಬಂತು ಅನ್ನುವ ವರದಿ ಬರೆದು ಕೇಳಿ ಪಡೆಯಿರಿ.

ತೆರಿಗೆ ಸಲಹೆಗಾರರನ್ನು ನೋಡಬೇಕಾದದ್ದು ವಿಮಾನ ಹತ್ತುವ ಮೊದಲು, ಇಳಿದ ಮೇಲೆ ಅಲ್ಲ. ಗ್ರೀನ್ ಕಾರ್ಡ್ ಇರುವವರ ಪ್ರಪಂಚದ ಎಲ್ಲ ಕಡೆಯ ಆದಾಯವನ್ನೂ ಅಮೆರಿಕ ತೆರಿಗೆ ಲೆಕ್ಕಕ್ಕೆ ತರುತ್ತದೆ. ಹೊರದೇಶದ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಅನ್ನುವ ವಿವರ ಸಲ್ಲಿಸಬೇಕು, ಬಿಟ್ಟರೆ ದಂಡ ಭಾರಿ. ಮಾರಬೇಕೆಂದಿರುವ ಆಸ್ತಿ, ಷೇರು ಇದ್ದರೆ ಹೋಗುವ ಮುಂಚೆ ಮಾರುವುದೋ ಆಮೇಲೆಯೋ ಅಂತ ಲೆಕ್ಕ ಹಾಕಿಸಿ. ದುಡ್ಡಿನ ದಾರಿಗಾಗಿ ಮಾಡಿಟ್ಟ ಎಕ್ಸೆಲ್ ಹಾಳೆಯನ್ನೇ ಅವರ ಮುಂದಿಡಿ, ಯಾವ ಖಾತೆ ತೋರಿಸಬೇಕು ಅನ್ನುವ ಪಟ್ಟಿಗೆ ಅದೇ ಸಾಕಾಗುತ್ತದೆ.